ಬೀಗರ ಉಸಿರಿನ ಸರಾಸರಿ

ನಮ್ಮ ನೀರಿನ ಮೀಟರ್ ಕಚೇರಿಯ ಉಗ್ರಾಣದಲ್ಲಿರುವ ಗಡ್ಡದ ಓತಿಕ್ಯಾತಕ್ಕೆ ಉಸಿರಾಟದ ತೊಂದರೆ ಇರಲಿಲ್ಲ. ಕಚೇರಿಯ ಎಣಿಕೆ ಪುಸ್ತಕದ ಪ್ರಕಾರ ಅದು ನಿಮಿಷಕ್ಕೆ ಹದಿನಾಲ್ಕು ಸಲ ನೆಮ್ಮದಿಯಾಗಿ ಉಸಿರಾಡುತ್ತಿತ್ತು. ಬಾಯಿ ತೆರೆದು, ಕತ್ತು ಮೇಲೆತ್ತಿ ಗೊರಗೊರ ಸದ್ದು ಮಾಡುತ್ತಿದ್ದುದು ನಿಜ. ಆದರೆ ಪುಸ್ತಕದಲ್ಲಿ ಸದ್ದಿಗೆ ಅಂಕಣವಿಲ್ಲ.

ನಾನು ಆ ಉಗ್ರಾಣ ನೋಡಿಕೊಳ್ಳುವವನು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಒಬ್ಬ ಬಳಕೆದಾರ ಮನೆ ಖಾಲಿ ಮಾಡಿ ಎಲ್ಲಿಗೋ ಹೋದ. ಮೀಟರ್ ಬಿಚ್ಚಿ ತರಲು ನಮ್ಮವರು ಹೋದಾಗ ಅದರ ಪಕ್ಕದ ಕಟ್ಟೆಯ ಮೇಲೆ ಒಂದು ಗಾಜಿನ ಪೆಟ್ಟಿಗೆ ಇತ್ತು. ಒಳಗೆ ಇವರು ಕೂತಿದ್ದರು. ನಿಯಮ ಒಂಬತ್ತರ ಪ್ರಕಾರ ಮೀಟರಿನಿಂದ ಮೂರು ಅಡಿಯೊಳಗೆ ಸಿಕ್ಕಿದ್ದೆಲ್ಲ ಮೀಟರಿನ ಬಿಡಿಭಾಗ. ನಮ್ಮವರು ಟೇಪು ಹಿಡಿದು ಅಳೆದರು. ಎರಡೂಮುಕ್ಕಾಲು ಅಡಿ ಬಂತು. ಪಟ್ಟಿಯಲ್ಲಿ ಹೀಗೆ ಬರೆದರು: ಮೀಟರ್ ಒಂದು, ಕೊಳವೆ ಎರಡು ತುಂಡು, ವಾಷರ್ ನಾಲ್ಕು, ಓತಿಕ್ಯಾತ ಒಂದು, ಜೀವ ಸಹಿತ. ಪೆಟ್ಟಿಗೆಗೆ ಒಂದು ಶಾಖದ ದೀಪವೂ ಇತ್ತು. ನೀರಿಗೂ ದೀಪಕ್ಕೂ ಸಂಬಂಧವಿಲ್ಲವೆಂದು ಅದನ್ನು ಬೇರೆ ಕಟ್ಟು ಕಟ್ಟಿ ಅಟ್ಟದ ಮೇಲೆ ಇಟ್ಟೆವು.

ಪ್ರಾಣಿ ಮೊಳದುದ್ದ. ಕತ್ತಿನ ಕೆಳಗೆ ಮುಳ್ಳು ಮುಳ್ಳಾದ ಚೀಲ. ಸಿಟ್ಟು ಬಂದರೆ ಅದು ಕಪ್ಪಾಗಿ ಉಬ್ಬುತ್ತದೆ. ಅದನ್ನೇ ಗಡ್ಡ ಅನ್ನುತ್ತಾರೆ. ಇಡೀ ದಿನ ಒಂದೇ ಕಡೆ ಕೂತು, ಯಾರು ಬಂದರೂ ಹುಬ್ಬು ಗಂಟಿಕ್ಕಿ ನೋಡುವುದು, ತಾನಾಗಿ ಏನನ್ನೂ ಕೇಳದಿರುವುದು, ಬಡಿಸಿದ್ದರಲ್ಲಿ ಅರ್ಧ ಬಿಡುವುದು. ಮೂರೇ ದಿನದಲ್ಲಿ ಕಚೇರಿಯವರು ಬೀಗರು ಅಂತ ಕರೆಯತೊಡಗಿದರು. ಮಗಳನ್ನು ಕೊಟ್ಟ ಮನೆಯವರ ಮುಂದೆ ಹೇಗೋ ಹಾಗೆ ಬೀಗರ ಪೆಟ್ಟಿಗೆಯ ಮುಂದೆಯೂ ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು.

ಉಗ್ರಾಣ ನೆಲಮಹಡಿಯಲ್ಲಿದೆ. ಮೂಲೆಯಲ್ಲಿ ಮೀಟರ್ ಪರೀಕ್ಷೆ ಮಾಡುವ ಮೇಜು, ಅದಕ್ಕೆ ಐದು ನಲ್ಲಿ. ಐದೂ ಸೋರುತ್ತವೆ. ಗೋಡೆ ವರ್ಷವಿಡೀ ಒದ್ದೆ. ನನ್ನ ಪುಸ್ತಕದ ಹಾಳೆಗಳು ಒದ್ದೆ ಬಟ್ಟೆಯ ಹಾಗೆ ಮಗುಚುತ್ತವೆ. ಬೀಗರು ಒಣ ಮರಳಿನ ಸೀಮೆಯ ಪ್ರಾಣಿ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಅವರಿಗೆ ಊಟ ಹಾಕುತ್ತಿದ್ದದ್ದು ತಪಾಲು ಅಕ್ಕ. ಬರುವ ಹೋಗುವ ಕಾಗದಗಳಿಗೆಲ್ಲ ಮುದ್ರೆ ಒತ್ತುವುದು ಆಕೆಯ ಕೆಲಸ. ಮಧ್ಯಾಹ್ನ ಕುಂಬಳದ ತುರಿ, ಸೊಪ್ಪು, ಡಬ್ಬಿಯಲ್ಲಿ ಮೂರು ಮಿಡತೆ ತಂದು ಮೇಲಿನ ಮುಚ್ಚಳ ಎತ್ತಿ ಹಾಕುತ್ತಿದ್ದಳು. ಆಮೇಲೆ ಪೆಟ್ಟಿಗೆಯ ಮುಂದೆ ಸ್ಟೂಲು ಎಳೆದುಕೊಂಡು ಕೂತು ತನ್ನ ಮೂವರು ನಾದಿನಿಯರ ಸುದ್ದಿ ಹೇಳುತ್ತಿದ್ದಳು. ಮಾತು ಮುಗಿಯುವ ತನಕ ಕದಲದೆ ಕೇಳಿಸಿಕೊಳ್ಳುವವರು ಆಕೆಯ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಸಿಕ್ಕಿದ್ದು ಇವರೊಬ್ಬರೇ. ನಾನೂ ಅಲ್ಲೇ ಕೂತಿರುತ್ತಿದ್ದೆ. ನಾನು ಲೆಕ್ಕಕ್ಕಿಲ್ಲ.

ಒಂದು ಸೋಮವಾರ ಬೀಗರು ಊಟ ಮುಟ್ಟಲಿಲ್ಲ. ಬಾಯಿ ತೆರೆದೇ ಇತ್ತು. ನಲ್ಲಿಗೆ ನೀರು ಬರುವ ಮೊದಲು ಗಾಳಿ ನುಗ್ಗಿದ ಹಾಗೆ ಗಂಟಲಲ್ಲಿ ಸದ್ದು. ಅಕ್ಕ ಗೋಡೆ ಗಡಿಯಾರ ನೋಡಿ ಎಣಿಸಿದಳು. ನಿಮಿಷಕ್ಕೆ ನಲವತ್ತೆರಡು ಉಸಿರು.

ಸುದ್ದಿ ಸಾಹೇಬರಿಗೆ ಹೋಯಿತು. ಸಾಹೇಬರು ಕೆಳಗೆ ಬಂದು, ಕಿವಿಗೊಟ್ಟು ಕೇಳಿ, ಕೊಳವೆಯಲ್ಲಿ ಗಾಳಿ ಸೇರಿದೆ ಎಂದರು. ಅದಕ್ಕೆ ನಿಯಮವಿದೆ: ಕೊನೆಯ ನಲ್ಲಿಯನ್ನು ಗಾಳಿ ಹೋಗುವ ತನಕ ತೆರೆದಿಡಬೇಕು. ಬೀಗರ ಬಾಯಿ ಆಗಲೇ ತೆರೆದಿತ್ತು. ಹೀಗಾಗಿ ಕ್ರಮ ಜಾರಿಯಲ್ಲಿದೆ ಎಂದು ಬರೆದು ಸಾಹೇಬರು ಮೇಲೆ ಹೋದರು.

ಅಕ್ಕ ರಸ್ತೆ ದಾಟಿ ಪ್ರಾಣಿ ಆಸ್ಪತ್ರೆಯ ಡಾಕ್ಟರಮ್ಮನನ್ನು ಕರೆತಂದಳು. ಡಾಕ್ಟರಮ್ಮ ಬೀಗರನ್ನು ಎತ್ತಿ, ತಿರುಗಿಸಿ, ಎದೆಗೆ ಕೊಳವೆ ಇಟ್ಟು ಕೇಳಿದರು. ಮೂಗಿನ ಹತ್ತಿರ ಅಂಟು ಇರುವುದನ್ನು ತೋರಿಸಿದರು. ಬಿಸಿಲು ಕಾಯುವಾಗ ಈ ಪ್ರಾಣಿ ಬಾಯಿ ತೆರೆದರೆ ಏನೂ ಚಿಂತೆಯಿಲ್ಲವಂತೆ, ಮೈ ಬಿಸಿ ಇಳಿಸಿಕೊಳ್ಳುವ ರೀತಿ ಅದು. ತಣ್ಣಗೆ ಕೂತು ಬಾಯಿ ತೆರೆದರೆ ಎದೆಯಲ್ಲಿ ಕಫ ಕಟ್ಟಿದೆ ಎಂದರ್ಥವಂತೆ.

“ಈ ಥಂಡಿಯಲ್ಲಿ ಇಟ್ಟರೆ ಹದಿನೈದು ದಿನ ಉಳಿಯಲ್ಲ,” ಅಂದರು. “ಒಣಗಿರೋ ಜಾಗ ಬೇಕು, ಮೇಲೆ ದೀಪ ಬೇಕು, ಸೂಜಿ ಬೇಕು. ಸೂಜಿ ನಾನು ಹಾಕ್ತೀನಿ. ಆದ್ರೆ ಇದು ಕಚೇರಿ ಆಸ್ತಿ ಅಂತೀರಿ. ನಮ್ಮ ಮದ್ದಿನ ಕಪಾಟಿನ ಗುಮಾಸ್ತ ಕಾಗದ ನೋಡದೆ ಸೀಸೆ ಕೊಡಲ್ಲ. ಉಸಿರು ಎಣಿಸಿ ಒಂದು ಕಾಗದ ಮಾಡಿ ಕಳಿಸಿ.”

ಅಕ್ಕ ಆಗಲೇ ಎಣಿಸಿದ್ದಳು. ಅದು ನಡೆಯಲಿಲ್ಲ. ಎಣಿಕೆ ತೆಗೆದುಕೊಳ್ಳುವುದು ಮೀಟರ್ ಓದುವವರ ಕೆಲಸ. ಮುದ್ರೆ ಒತ್ತುವವರು ಎಣಿಸಿದರೆ ಅದು ಎಣಿಕೆಯಲ್ಲ, ಅಭಿಪ್ರಾಯ. ಜಾಗ ಬದಲಿಸುವುದೂ ಆಗಲಿಲ್ಲ. ಬಿಡಿಭಾಗಗಳನ್ನು ಉಗ್ರಾಣದಿಂದ ಹೊರಗಿಡುವಂತಿಲ್ಲ.

ಎಣಿಕೆಗೆ ಸರಾಸರಿಯಣ್ಣನನ್ನು ನೇಮಿಸಿದರು. ಹಿರಿಯ ಮೀಟರ್ ಓದುಗ. ಮೂವತ್ತು ವರ್ಷದಲ್ಲಿ ಆತ ಮೀಟರ್ ನೋಡಿದ್ದೇ ಇಲ್ಲ. ಬಾಗಿಲು ಮುಚ್ಚಿದ್ದ ಮನೆಗೆ ಹಿಂದಿನ ಮೂರು ತಿಂಗಳ ಸರಾಸರಿ ಬರೆಯಬಹುದು ಎಂದು ನಿಯಮವಿದೆ. ಆತ ಹೋದಾಗೆಲ್ಲ ಬಾಗಿಲು ಮುಚ್ಚಿರುತ್ತಿತ್ತು. ಹೋಗದಿದ್ದಾಗಲೂ ಮುಚ್ಚಿರುತ್ತಿತ್ತು. ಒಂದೇ ಒಂದು ದೂರು ಬಂದಿಲ್ಲ. ಬಂದಿದ್ದರೂ ಅವುಗಳ ಸರಾಸರಿ ಸೊನ್ನೆಗೆ ಹತ್ತಿರ.

ಆತ ಬಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತ. ಬೀಗರು ಒಂದು ಗೇಣು ದೂರದಲ್ಲಿ ಬಾಯಿ ತೆರೆದು ಆತನನ್ನೇ ನೋಡುತ್ತಿದ್ದರು. ಆತ ಪುಸ್ತಕ ತೆಗೆದು “ಬಾಗಿಲು ಮುಚ್ಚಿದೆ” ಎಂದು ಬರೆದ.

“ಗಾಜಿನ ಬಾಗಿಲು ಕಣಣ್ಣ,” ಅಂದಳು ಅಕ್ಕ. “ಒಳಗೆ ಕಾಣ್ತಾರಲ್ಲ.”

“ಕಾಣೋದು ಬೇರೆ ವಿಷಯ ತಂಗಿ. ಬಾಗಿಲು ಮುಚ್ಚಿದೆಯೋ, ತೆರೆದಿದೆಯೋ?”

“ಮುಚ್ಚಿದೆ.”

“ಬಳಕೆದಾರ ಬಂದು ತೆಗೀಬೇಕು. ಬಳಕೆದಾರ ಇದ್ದಾನಾ?”

“ಇದ್ದಿದ್ರೆ ಬೀಗರು ಇಲ್ಲಿ ಯಾಕೆ ಬರ್ತಿದ್ರು?”

“ಹಾಗಾದ್ರೆ ಸರಾಸರಿ.”

ಆದರೆ ಬೀಗರಿಗೆ ಹಿಂದಿನ ಮೂರು ತಿಂಗಳ ಎಣಿಕೆ ಇರಲಿಲ್ಲ. ಅದಕ್ಕೂ ನಿಯಮವಿದೆ. ಹಳೆಯ ಎಣಿಕೆ ಇಲ್ಲದಿದ್ದರೆ ಪಕ್ಕದ ಸಂಪರ್ಕದ ಎಣಿಕೆಯನ್ನೇ ಬರೆಯಬೇಕು. ಆತ ಅತ್ತ ಇತ್ತ ನೋಡಿದ. ಪೆಟ್ಟಿಗೆಯ ಬಲಕ್ಕೆ ಗೋಡೆ. ಎಡಕ್ಕೆ ನಾನು.

ಕೈಗಡಿಯಾರ ಹಿಡಿದು ನನ್ನ ಉಸಿರು ಎಣಿಸಿದ. ಮೂವತ್ತು ವರ್ಷದಲ್ಲಿ ಆತ ಕಣ್ಣಾರೆ ನೋಡಿ ಬರೆದ ಮೊದಲ ಎಣಿಕೆ ಅದು. ಹದಿನಾಲ್ಕು ಬಂತು. ನಾನಾಗ ನಿದ್ದೆ ಮಾಡುತ್ತಿದ್ದೆ ಎಂದು ಆಮೇಲೆ ಕೆಲವರು ಹೇಳಿದರು. ಅದು ಸುಳ್ಳು. ಕಣ್ಣು ಮುಚ್ಚಿಕೊಂಡು ದಾಸ್ತಾನು ನೆನಪು ಮಾಡಿಕೊಳ್ಳುತ್ತಿದ್ದೆ.

ಕಾಗದ ಆಸ್ಪತ್ರೆಗೆ ಹೋಯಿತು. ಹದಿನಾಲ್ಕು ಎಂದರೆ ಆರೋಗ್ಯ ಎಂದು ಕಪಾಟಿನ ಗುಮಾಸ್ತ ಸೀಸೆ ಕೊಡಲಿಲ್ಲ. ಡಾಕ್ಟರಮ್ಮ ಕಾಗದ ಹಿಡಿದು ರಸ್ತೆ ದಾಟಿ ಬಂದರು.

“ಇದು ಯಾರ ಉಸಿರು?” ಎಂದು ಕೇಳಿದರು. “ಮಧ್ಯೆ ಮಧ್ಯೆ ನಿಲ್ಲತ್ತೆ, ಆಮೇಲೆ ಗೊರಕೆ ಅಂತ ಬರೆದಿದೆ. ಇದು ಯಾರೋ ವಯಸ್ಸಾದವರದ್ದು. ಅವರು ಎಲ್ಲಾದರೂ ತೋರಿಸಿಕೊಳ್ಳೋದು ಒಳ್ಳೇದು.”

ನಾನು ತಲೆ ತಗ್ಗಿಸಿ ವಾಷರ್ ಎಣಿಸತೊಡಗಿದೆ.

ಅಕ್ಕ ಎಣಿಕೆ ತಪ್ಪೆಂದು ಅರ್ಜಿ ಬರೆದಳು. ತನ್ನ ಅರ್ಜಿಗೆ ತಾನೇ ಮುದ್ರೆ ಒತ್ತಿ ಸಾಹೇಬರ ಮೇಜಿಗೆ ಒಯ್ದಳು. ಸಾಹೇಬರು ಒಳ್ಳೆಯವರು. ಆಕೆಯನ್ನು ಕೂರಿಸಿ ನಿಧಾನವಾಗಿ ತಿಳಿಸಿ ಹೇಳಿದರು. ಎಣಿಕೆ ತಪ್ಪೆಂದು ಸಾಬೀತಾದರೆ ಮೀಟರ್ ಕೆಟ್ಟಿದೆ ಎಂದು ಅರ್ಥ. ಕೆಟ್ಟ ಮೀಟರನ್ನು ಬಿಡಿಭಾಗಗಳ ಸಮೇತ ಶನಿವಾರ ಗುಜರಿಗೆ ಹಾಕಬೇಕು. ಹಾಕುವ ಮೊದಲು ಯಾರೂ ಮತ್ತೆ ಬಳಸದಂತೆ ಸುತ್ತಿಗೆಯಿಂದ ಒಂದು ಏಟು ಕೊಡಬೇಕು.

ಆ ಏಟು ಕೊಡುವುದು ನನ್ನ ಕೆಲಸ. ಸುತ್ತಿಗೆ ನನ್ನ ಮೇಜಿನ ಕೆಳಗಿದೆ.

“ಅರ್ಜಿ ವಾಪಸು ತಗೋತೀಯಾ, ಮುಂದುವರಿಸ್ತೀಯಾ?” ಎಂದು ಸಾಹೇಬರು ಕೇಳಿದರು. ಅಕ್ಕ ವಾಪಸು ತೆಗೆದುಕೊಂಡಳು.

ಎಣಿಕೆ ಸರಿಯಾಗಿದ್ದರೆ ಮದ್ದಿಲ್ಲ. ತಪ್ಪಾದರೆ ಸುತ್ತಿಗೆ. ಅಕ್ಕ ಆ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ನಾದಿನಿಯರ ಸುದ್ದಿ ಎತ್ತಲಿಲ್ಲ. ಬೀಗರ ಗಡ್ಡ ಕಪ್ಪಾಗಿತ್ತು. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಅಕ್ಕ ತನ್ನ ಊಟದ ಡಬ್ಬಿಯನ್ನೂ ತೆರೆಯಲಿಲ್ಲ. ಬಹಳ ಹೊತ್ತು ಬೀಗರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ದೊಡ್ಡಪ್ಪ,” ಅಂದಳು.

“ಏನು?”

“ನೀವು ಮೆಟ್ಟಿಲು ಹತ್ತುತ್ತೀರಾ?”

“ಎಷ್ಟು?”

“ನಾಲ್ಕು ಮಹಡಿ. ಓಡಿ ಹತ್ತಬೇಕು, ಓಡಿ ಇಳೀಬೇಕು. ಸರಾಸರಿಯಣ್ಣ ಮುಂದಿನ ಎಣಿಕೆಗೆ ನಾಳೆ ಹನ್ನೊಂದಕ್ಕೆ ಬರ್ತಾನೆ. ಅಷ್ಟರೊಳಗೆ ಬಂದು ಕೂತಿರಬೇಕು.”

ನಾನು ಯೋಚಿಸಿದೆ. ನನ್ನ ಮೊಣಕಾಲು ಸರಿಯಿಲ್ಲ. ಬೀಗರತ್ತ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

“ಹೂಂ,” ಅಂದೆ.

ಮರುದಿನ ಹತ್ತೂಮುಕ್ಕಾಲಿಗೆ ಹತ್ತಿದೆ. ಎರಡನೇ ಮಹಡಿಯಲ್ಲಿ ಸಾಹೇಬರು ಎದುರಾದರು. ಬೆಂಕಿ ಬಿದ್ದಿದೆಯೇ ಎಂದು ಕೇಳಿದರು. ಇಲ್ಲ, ಎಣಿಕೆ ಇದೆ ಎಂದೆ. ದಾರಿ ಬಿಟ್ಟರು. ಹನ್ನೊಂದಕ್ಕೆ ಕುರ್ಚಿಗೆ ಬಿದ್ದೆ. ಸರಾಸರಿಯಣ್ಣ ಬಂದ. ಪೆಟ್ಟಿಗೆಯ ಬಾಗಿಲು ಮುಚ್ಚಿದೆ ಎಂದು ಬರೆದ. ಕೈಗಡಿಯಾರ ಎತ್ತಿ ನನ್ನನ್ನು ಎಣಿಸಿದ. ಷರಾ ಅಂಕಣದಲ್ಲಿ ಹೀಗೆ ಬರೆದ: “ನಿಮಿಷಕ್ಕೆ ನಲವತ್ತಾರು. ಬಾಯಿ ತೆರೆದಿದೆ. ಗಂಟಲಲ್ಲಿ ಸದ್ದು. ಮಾತಾಡಿಸಿದರೆ ಉತ್ತರವಿಲ್ಲ. ಗಡ್ಡ ಬಿಳಿ.”

ಕಾಗದ ಮೊದಲು ಸಾಹೇಬರಿಗೆ ಹೋಯಿತು. ಹದಿನಾಲ್ಕರಿಂದ ನಲವತ್ತಾರಕ್ಕೆ ಏರಿದ್ದು ಕಂಡು ಅವರು ಗಾಬರಿಯಾದರು. ಒಂದೇ ವಾರದಲ್ಲಿ ಬಳಕೆ ಮೂರು ಪಟ್ಟು ಏರಿದರೆ ಅದಕ್ಕೆ ಒಂದೇ ಅರ್ಥ, ಸೋರಿಕೆ. ಅರ್ಧ ಗಂಟೆಯಲ್ಲಿ ಸುತ್ತೋಲೆ ಇಳಿದು ಬಂತು:

“ಉಗ್ರಾಣದಲ್ಲಿರುವ ಸದರಿ ಬಿಡಿಭಾಗದಲ್ಲಿ ಸೋರಿಕೆ ಇರುವ ಶಂಕೆ ಮೂಡಿರುವುದರಿಂದ, ಸುತ್ತಲಿನ ಎಲ್ಲ ನಲ್ಲಿಗಳನ್ನು ತಕ್ಷಣ ಬಂದ್ ಮಾಡತಕ್ಕದ್ದು. ನೆಲ ಗೋಡೆಗಳನ್ನು ಒರೆಸಿ ಒಣಗಿಸತಕ್ಕದ್ದು. ಸೋರಿಕೆ ಪತ್ತೆಯಾಗುವ ತನಕ ಬಿಡಿಭಾಗದ ಮೇಲೆ ಪರಿಶೀಲನಾ ದೀಪ ಉರಿಸತಕ್ಕದ್ದು. ಬೇರೆ ದೀಪ ಲಭ್ಯವಿಲ್ಲದಿದ್ದರೆ ಉಗ್ರಾಣದಲ್ಲಿರುವುದನ್ನೇ ಬಳಸಿಕೊಳ್ಳತಕ್ಕದ್ದು.”

ಉಗ್ರಾಣದಲ್ಲಿ ಬೇರೆ ದೀಪ ಲಭ್ಯವಿರಲಿಲ್ಲ. ಅಟ್ಟದ ಕಟ್ಟು ಬಿಚ್ಚಿದೆವು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಐದು ನಲ್ಲಿಗಳು ನಿಂತವು. ಸೋರುವ ನಲ್ಲಿಗಳನ್ನು ಸರಿಪಡಿಸಿ ಎಂದು ನಾನು ಕೊಟ್ಟ ಅರ್ಜಿಗಳು ಒಂಬತ್ತು. ಅವುಗಳಲ್ಲಿ ನಲ್ಲಿ ಸೋರುತ್ತಿದೆ ಎಂದು ಬರೆದಿದ್ದೆ. ನಲ್ಲಿ ಸೋರಿದರೆ ಯಾರಿಗೂ ಗಾಬರಿಯಾಗುವುದಿಲ್ಲ.

ಸೋರಿಕೆ ಹುಡುಕಲು ಇಬ್ಬರು ಬಂದರು. ಬೀಗರ ಕೆಳಗೆ ಒಣ ಬಟ್ಟೆ ಹಾಸಿ ಕಾದರು. ಏನೂ ಸಿಗಲಿಲ್ಲ. ಸೋರಿಕೆ ಪತ್ತೆಯಾಗದ ಕಾರಣ ದೀಪ ಆರಿಸುವಂತಿರಲಿಲ್ಲ.

ಅದೇ ಸಂಜೆಯೊಳಗೆ ಡಾಕ್ಟರಮ್ಮ ಸೀಸೆ ಹಿಡಿದು ಬಂದರು. ಕಾಗದ ಇನ್ನೊಮ್ಮೆ ಓದಿದರು. “ಗಡ್ಡ ಬಿಳಿ” ಎಂಬಲ್ಲಿ ನಿಂತು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ. ಅವರು ಸೂಜಿ ತುಂಬಿಸಿದರು. ಯಾರಿಗೆ ಹಾಕಬೇಕು ಎಂಬ ಬಗ್ಗೆ ಸರಾಸರಿಯಣ್ಣನಿಗೆ ಸಣ್ಣ ಅನುಮಾನವಿತ್ತು. ಕೊನೆಗೆ ಬೀಗರಿಗೇ ಹಾಕಿದರು.

ಮೂರು ದಿನಕ್ಕೊಂದರಂತೆ ಏಳು ಸೂಜಿ ಹಾಕಬೇಕಿತ್ತು. ಮಧ್ಯೆ ಎಣಿಕೆ ಇಳಿದುಬಿಟ್ಟರೆ ಗುಮಾಸ್ತ ಸೀಸೆ ನಿಲ್ಲಿಸುತ್ತಾನೆ. ಇಳಿಯದೇ ಇದ್ದರೆ ಮದ್ದು ಹಿಡಿಸಲಿಲ್ಲವೆಂದು ಆಗಲೂ ನಿಲ್ಲಿಸುತ್ತಾನೆ. ಹೀಗಾಗಿ ಅಕ್ಕ ಒಂದು ಚೀಟಿಯಲ್ಲಿ ಬರೆದುಕೊಟ್ಟಳು: ಮೊದಲ ಎರಡು ಸೂಜಿಗೆ ನಾಲ್ಕು ಮಹಡಿ, ಮುಂದಿನ ಎರಡಕ್ಕೆ ಮೂರು, ಆಮೇಲೆ ಎರಡು, ಆಮೇಲೆ ಒಂದು, ಕೊನೆಯದಕ್ಕೆ ಕುರ್ಚಿ. ಚೀಟಿಯ ಪ್ರಕಾರ ನಡೆದೆ. ನನ್ನ ಏದುಸಿರು ಕ್ರಮವಾಗಿ ಇಳಿಯಿತು. ಇಷ್ಟು ಚೆನ್ನಾಗಿ ಗುಣವಾಗುವ ಪ್ರಾಣಿಯನ್ನು ತಾನು ಕಾಗದದಲ್ಲಿ ನೋಡೇ ಇಲ್ಲ ಎಂದು ಕಪಾಟಿನ ಗುಮಾಸ್ತ ಹೇಳಿ ಕಳಿಸಿದನಂತೆ.

ಇತ್ತ ಪೆಟ್ಟಿಗೆಯೊಳಗೆ ಬೀಗರು ನಾಲ್ಕನೇ ಸೂಜಿಗೆ ಕಣ್ಣು ಪೂರ್ತಿ ತೆರೆದರು. ಐದನೆಯದಕ್ಕೆ ಗೊರಗೊರ ನಿಂತಿತು. ಆರನೇ ಸೂಜಿಯ ಮಾರನೇ ದಿನ ಕುಂಬಳದ ತುರಿ ತಿಂದು, ಮಿಡತೆ ಹಿಂದೆ ಓಡಿ, ದೀಪದ ಕೆಳಗಿನ ಕಲ್ಲು ಹತ್ತಿ ಕೂತು ಬಾಯಿ ತೆರೆದರು. ಡಾಕ್ಟರಮ್ಮ ನೋಡಿ, ಇದು ಬಿಸಿಲು ಕಾಯುವ ಬಾಯಿ, ಚಿಂತೆಯಿಲ್ಲ ಎಂದರು. ಅಕ್ಕ ಸೆರಗಿನ ತುದಿಯಿಂದ ಪೆಟ್ಟಿಗೆಯ ಗಾಜು ಒರೆಸಿದಳು. ಅಲ್ಲಿ ಧೂಳು ಇರಲಿಲ್ಲ. ಆಮೇಲೆ ಸ್ಟೂಲು ಎಳೆದುಕೊಂಡು, ಎರಡನೇ ನಾದಿನಿ ಹೋದ ವಾರ ಏನಂದಳು ಎಂದು ಶುರು ಮಾಡಿದಳು. ಮೂರು ವಾರದ ಬಾಕಿ ಸುದ್ದಿ ಇತ್ತು. ಬೀಗರು ಪೂರ್ತಿ ಕೇಳಿದರು.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬೆವರಿದ ಮೈಯಲ್ಲಿ ಮೂರು ವಾರ ಗಾಳಿಗೆ ಕೂತಿದ್ದರಿಂದ ನನಗೆ ನೆಗಡಿ ಹಿಡಿಯಿತು. ಎದೆಗೆ ಇಳಿಯಿತು. ಮುಂದಿನ ಸೋಮವಾರ ನಾನು ಮೆಟ್ಟಿಲ ಹತ್ತಿರವೂ ಹೋಗಿರಲಿಲ್ಲ. ಆದರೂ ಸರಾಸರಿಯಣ್ಣನ ಎಣಿಕೆ ಮೂವತ್ತೊಂದು ಬಂತು. ಷರಾ: ಕೆಮ್ಮು.

ಬೀಗರ ರೋಗ ಮರುಕಳಿಸಿದೆ ಎಂದು ಕಚೇರಿಯಲ್ಲಿ ಸುದ್ದಿಯಾಯಿತು. ಸಾಹೇಬರು ಮೇಲಿನಿಂದ ಇಳಿದು ಬಂದರು. ಬೀಗರು ಕಲ್ಲಿನ ಮೇಲೆ ಮಿಡತೆ ಅಗಿಯುತ್ತಿದ್ದರು. ಸಾಹೇಬರು ಕಾಗದ ನೋಡಿ, ಪಾಪ, ಹೊರಗೆ ತೋರಿಸಿಕೊಳ್ಳುತ್ತಿಲ್ಲ ಎಂದರು. ಡಾಕ್ಟರಮ್ಮನಿಗೆ ಹೇಳಿ ಕಳಿಸಿದರು.

ಡಾಕ್ಟರಮ್ಮ ಬಂದು ಬೀಗರ ಎದೆಗೆ ಕೊಳವೆ ಇಟ್ಟರು. ಶುದ್ಧವಾಗಿತ್ತು. ಕಾಗದ ಓದಿದರು. ನಿಟ್ಟುಸಿರು ಬಿಟ್ಟು, ಎರಡು ಹೆಜ್ಜೆ ಎಡಕ್ಕೆ ಬಂದು ಕೊಳವೆಯನ್ನು ನನ್ನ ಎದೆಗೆ ಇಟ್ಟರು.

“ಉಸಿರೆಳೀರಿ.”

ಎಳೆದೆ.

“ನೀವು ಮನುಷ್ಯರ ಆಸ್ಪತ್ರೆಗೆ ಹೋಗಿ, ಇವತ್ತೇ,” ಎಂದು ಮೆಲ್ಲಗೆ ಹೇಳಿದರು. ಆಮೇಲೆ ಬೀಗರ ಚೀಟಿಯಲ್ಲಿ ಬರೆದರು: ಥಂಡಿ ಸೋಕಿಸಬಾರದು. ದಿನವಿಡೀ ದೀಪದ ಕೆಳಗೆ ಕೂರಿಸಬೇಕು. ಮೆಟ್ಟಿಲು ಹತ್ತಿಸಬಾರದು.

ಮನುಷ್ಯರ ಆಸ್ಪತ್ರೆಗೆ ಹೋದೆ. ಮಾತ್ರೆ ಕೊಟ್ಟರು. ಬೀಗರ ಎಣಿಕೆ ಇಪ್ಪತ್ತಕ್ಕೆ ಇಳಿಯಿತು. ಡಾಕ್ಟರಮ್ಮನ ಚೀಟಿಯನ್ನು ಸಾಹೇಬರು ಅಕ್ಷರಶಃ ಜಾರಿ ಮಾಡಿದರು. ಬೀಗರಿಗೆ ದೀಪ ಇದ್ದೇ ಇತ್ತು. ಎಣಿಕೆ ತೆಗೆದುಕೊಳ್ಳುವ ಜಾಗಕ್ಕೂ ದೀಪ ಬೇಕೆಂದು ನನ್ನ ಕುರ್ಚಿಯ ಮೇಲೆ ಇನ್ನೊಂದು ಹಾಕಿಸಿದರು.

ಆ ತಿಂಗಳ ಕೊನೆಗೆ ನನ್ನ ನಿವೃತ್ತಿ. ಹಾರ ತರಿಸಿದ್ದರು. ಹಿಂದಿನ ದಿನ ಸರಾಸರಿಯಣ್ಣ ಒಂದು ಪ್ರಶ್ನೆ ಎತ್ತಿದ. ಈತ ಎದ್ದು ಹೋದರೆ ಬೀಗರು ಉಸಿರಾಡುವುದು ಹೇಗೆ? ಸಾಹೇಬರು ನಿಯಮ ಪುಸ್ತಕವನ್ನು ಎರಡು ಸಲ ತಿರುವಿ ಹಾಕಿ ಆದೇಶ ಹೊರಡಿಸಿದರು:

“ಪಕ್ಕದ ಸಂಪರ್ಕದ ಆಧಾರದ ಮೇಲೆ ಸರಾಸರಿ ನಿಗದಿಯಾಗಿರುವ ಯಾವುದೇ ಬಿಡಿಭಾಗ ಬಳಕೆಯಲ್ಲಿರುವ ತನಕ ಪಕ್ಕದ ಸಂಪರ್ಕವನ್ನು ಕಡಿತಗೊಳಿಸುವಂತಿಲ್ಲ. ಆದ್ದರಿಂದ ಉಗ್ರಾಣದ ಮೇಲ್ವಿಚಾರಕರನ್ನು ಯಥಾಸ್ಥಾನದಲ್ಲಿ ಮುಂದುವರಿಸಲಾಗಿದೆ.”

ಹಾರವನ್ನು ಸಾಹೇಬರು ಪೆಟ್ಟಿಗೆಯ ಮೇಲೆ ಇಟ್ಟು ಹೋದರು. ಬೀಗರು ಅದರಲ್ಲಿ ಎರಡು ಎಸಳು ತಿಂದರು. ಗಡ್ಡದ ಓತಿಕ್ಯಾತ ಎಷ್ಟು ವರ್ಷ ಬದುಕುತ್ತದೆ ಎಂದು ಡಾಕ್ಟರಮ್ಮನನ್ನು ಕೇಳಿದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ಹನ್ನೆರಡು ವರ್ಷ ಎಂದರು. ಅಕ್ಕ ಚೆನ್ನಾಗಿ ನೋಡಿಕೊಳ್ಳುತ್ತಾಳೆ.

ನನ್ನದೇನೂ ತಕರಾರಿಲ್ಲ. ಉಗ್ರಾಣ ಈಗ ಒಣಗಿದೆ. ಬೆಳಗ್ಗೆ ಹತ್ತಕ್ಕೆ ನನ್ನ ದೀಪವೂ ಹೊತ್ತುತ್ತದೆ. ನಾವಿಬ್ಬರೂ ಕೂರುತ್ತೇವೆ. ಮಧ್ಯಾಹ್ನ ಅಕ್ಕ ಬಂದು ಅವರಿಗೆ ತುರಿ ಹಾಕಿ, ನಮ್ಮಿಬ್ಬರ ನಡುವೆ ಸ್ಟೂಲು ಹಾಕಿಕೊಂಡು ಮಾತಾಡುತ್ತಾಳೆ. ಇಬ್ಬರೂ ಕೇಳುತ್ತೇವೆ. ವಾರಕ್ಕೊಮ್ಮೆ ಸರಾಸರಿಯಣ್ಣ ಬಂದು ಬಾಗಿಲು ಮುಚ್ಚಿದೆ ಎಂದು ಬರೆಯುತ್ತಾನೆ.

ನಿನ್ನೆ ಮೇಲಿನ ಕಚೇರಿಯಿಂದ ತಪಾಸಣೆಗೆ ಒಬ್ಬರು ಬಂದಿದ್ದರು. ಎಲ್ಲ ಪುಸ್ತಕ ನೋಡಿ, ಎಣಿಕೆ ಬಹಳ ಕ್ರಮಬದ್ಧವಾಗಿದೆ ಎಂದು ಮೆಚ್ಚಿಕೊಂಡರು. ಹೊರಡುವಾಗ ಪೆಟ್ಟಿಗೆಯತ್ತ ಬೆರಳು ತೋರಿಸಿ ನನ್ನನ್ನು ಕೇಳಿದರು:

“ಬೀಗರ ಆರೋಗ್ಯ ಈಗ ಹೇಗಿದೆ?”

“ಪರವಾಗಿಲ್ಲ,” ಅಂದೆ. “ಮೊಣಕಾಲು ಸ್ವಲ್ಪ ನೋಯತ್ತೆ.”

ಅವರು ಬರೆದುಕೊಂಡರು.